ಕೊನೆಯ ಕೋಣೆಯ ಹಿಡಿಕೆ

ಅಂದು ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಆಸ್ಪತ್ರೆಯ ಹಿಂಬದಿಯ ಜಗಲಿಯಲ್ಲಿ ಕಸಬರಿಕೆಯ ಸದ್ದು ಮೊದಲು ಬಂತು, ಆಯಾ ಆಮೇಲೆ ಕಂಡಳು. ಸಂಶೋಧಕಿ ಕಾದು ನಿಂತಿದ್ದು ಅವಳಿಗಾಗಿಯೇ.

"ನಿಜ ಹೇಳಮ್ಮ. ಕೊನೇ ಕೋಣೆ ಬಾಗಿಲ ಹಿಡಿಕೆ ಒರೆಸ್ತಿದ್ದೀಯಾ?"

"ಅಯ್ಯೋ ದೇವರೇ! ಒರೆಸು ಅಂದಿದ್ದನ್ನ ಒರೆಸೋಕೇ ಪುರುಸೊತ್ತಿಲ್ಲ ನನಗೆ. ಬೇಡ ಅಂದಿದ್ದನ್ನ ಒರೆಸ್ತೀನಾ?"

ಮಾತಿನಲ್ಲಿ ಕಪಟವಿರಲಿಲ್ಲ. ಆದರೂ ಅನುಮಾನ ಹರಿಯಲಿಲ್ಲ.

ಸೀಬೆ ಎಲೆಯ ಕಷಾಯವನ್ನು ತಾಮ್ರದ ಲವಣ ಕರಗಿಸಿದ ನೀಲಿ ನೀರಿಗೆ ಬೆರೆಸಿ, ಕಣ್ಣಿಗೆ ಕಾಣದಷ್ಟು ಸಣ್ಣ ತಾಮ್ರದ ಕಣ ಮಾಡುವುದು ಸಂಶೋಧಕಿಯ ಕೆಲಸ. ನೀಲಿ ಮೆಲ್ಲಗೆ ಕಂದಾಗುವ ಗಳಿಗೆಯಲ್ಲಿ ಪ್ರತಿ ಸಲವೂ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದಳು. ಕರೆದು ತೋರಿಸಲು ಪಕ್ಕದಲ್ಲಿ ಯಾರೂ ಇರುತ್ತಿರಲಿಲ್ಲ.

ಆ ಕಣಗಳು ರೋಗಾಣುಗಳನ್ನು ಕೊಲ್ಲುತ್ತವೆಯೇ ಎಂದು ನೋಡಲು, ರೋಗಿಗಳ ಮನೆಯವರು ಬಂದುಹೋಗುವ ಜಗಲಿಯ ಬಾಗಿಲುಗಳನ್ನು ಆರಿಸಿಕೊಂಡಿದ್ದಳು. ಹಿಡಿಕೆಗಳಿಗೆಲ್ಲ ಒಂದೇ ಕಂದು ಲೇಪ. ಅರ್ಧದಷ್ಟರಲ್ಲಿ ಮಾತ್ರ ತಾಮ್ರ. ಯಾವುದರಲ್ಲಿ ಎಂಬುದು, ಲೇಪ ಹಚ್ಚಿದ ಅವಳ ಸಂಶೋಧನೆಯ ಗೈಡ್ ಮೇಡಂಗೆ ಮಾತ್ರ ಗೊತ್ತು. ಎಣಿಸುವವಳ ಆಸೆ ಎಣಿಕೆಯೊಳಗೆ ನುಸುಳಬಾರದಲ್ಲ.

ಬೆಳಿಗ್ಗೆ ತಾನೇ ಒಮ್ಮೆ ಸ್ಪಿರಿಟ್ಟಿನಲ್ಲಿ ಒರೆಸುವುದು. ಹಗಲೆಲ್ಲ ಬಂದವರು ಮುಟ್ಟಲಿ ಎಂದು ಬಿಡುವುದು. ಸಂಜೆ ಹೊಸ ಗ್ಲೌಸ್ ತೊಟ್ಟು, ಹಿಡಿಕೆಯ ಸುತ್ತ ಹತ್ತಿಕಡ್ಡಿ ಉಜ್ಜಿಕೊಂಡು ಹೊರಡುವುದು. ಆ ಕಡ್ಡಿಗಳನ್ನು ಸವರಿದ ಗಾಜಿನ ತಟ್ಟೆಗಳಲ್ಲಿ ರೋಗಾಣುಗಳು ಚುಕ್ಕಿಚುಕ್ಕಿಯಾಗಿ ಬೆಳೆಯುತ್ತಿದ್ದವು. ಕೆಲವುಗಳಲ್ಲಿ ಹೆಚ್ಚು, ಕೆಲವುಗಳಲ್ಲಿ ಕಡಿಮೆ. ಕೊನೆಯ ಕೋಣೆಯ ತಟ್ಟೆ ಮಾತ್ರ ಯಾವಾಗಲೂ ತೊಳೆದಿಟ್ಟ ಹಾಗೆ.

ಇದು ತಾಮ್ರದ ಕೆಲಸವಾದರೆ ಆಸ್ಪತ್ರೆಯ ಬಾಗಿಲು ಬಾಗಿಲಿಗೂ ಅವಳ ಲೇಪ. ಯಾರಾದರೂ ಒರೆಸಿದ್ದರೆ ಇಷ್ಟು ವರ್ಷದ ದುಡಿಮೆ ಮಣ್ಣುಪಾಲು.

ಮಧ್ಯಾಹ್ನ, ನರ್ಸುಗಳು ಓಡಾಡುವ ಒಳಗಿನ ದಾರಿಯಿಂದ ಆ ಕೋಣೆಗೆ ಹೋದಳು. ಮಂಚದ ಮೇಲೆ ಒಬ್ಬ ಅಜ್ಜ. ಕಾಲಿಗೆ ಪ್ಲಾಸ್ಟರ್, ಕಣ್ಣಿಗೆ ಪೊರೆ.

"ಅಜ್ಜ, ನಿಮ್ಮನ್ನ ನೋಡೋಕೆ ಯಾರಾದ್ರೂ ಬರ್ತಾರಾ?"

"ಬರದೆ ಏನಮ್ಮ? ಮಗಳಿದ್ದಾಳೆ, ದಿನಾ ಸಂಜೆ ಬರ್ತಾಳೆ. ಹಿಡಿಕೆ ಮೇಲೆ ಅವಳ ಕೈ ಬಿದ್ದ ಸದ್ದು ಕೇಳಿದ್ರೆ ಸಾಕು, ಕಾಲುನೋವು ಅರ್ಧ ಇಳಿಯತ್ತೆ."

"ಪುಣ್ಯವಂತರು ನೀವು."

"ಮಾತು ಕಮ್ಮಿ ಅವಳದ್ದು. ನನ್ನ ಮೇಲೆ ಹಳೇ ಮುನಿಸು. ಆದ್ರೂ ಒಂದಿನ ತಪ್ಪಿಸಿಲ್ಲ ನೋಡು."

ಸಂಶೋಧಕಿಯ ಎದೆ ಹಗುರಾಯಿತು. ದಿನಾ ಒಂದು ಕೈ ಬಿದ್ದರೂ ಒಂದು ಚುಕ್ಕಿಯಿಲ್ಲ! ಗೈಡ್ ಮೇಡಂ ಮುಂದೆ ತಟ್ಟೆಗಳನ್ನು ಹರಡಿದಳು.

ಮೇಡಂ ಒಂದೊಂದನ್ನೇ ಬೆಳಕಿಗೆ ಹಿಡಿದರು. "ಗೆದ್ದೆ ಕಣಮ್ಮ. ತಾಮ್ರ ಇದ್ದ ಕಡೆಯೆಲ್ಲ ಚುಕ್ಕಿ ಕಡಿಮೆ. ಆ ಕೊನೇ ಕೋಣೆಯದನ್ನ ಮಾತ್ರ ಲೆಕ್ಕದಿಂದ ತೆಗಿ."

"ಅದೇ ಎಲ್ಲಕ್ಕಿಂತ ಶುಭ್ರ ಅಲ್ವಾ ಮೇಡಂ?"

"ಅದಕ್ಕೆ ನಾನು ಹಚ್ಚಿದ್ದು ಬರೀ ಬಣ್ಣ. ಮುಟ್ಟೋರಿದ್ರೆ ತಾನೆ ಕೊಳೆಯಾಗೋದು?"

ಗೆದ್ದ ಸುದ್ದಿ ಹೇಳಿಕೊಳ್ಳಲು ಅವಳಿಗೂ ಯಾರೂ ಇರಲಿಲ್ಲ. ಜಗಲಿಯುದ್ದಕ್ಕೂ ಒಬ್ಬಳೇ ನಡೆದಳು. ಪಾಪ, ಅಜ್ಜ ಸುಳ್ಳು ಹೇಳಿದ್ದರು. ಬಾರದ ಮಗಳನ್ನು ಬಾಯಲ್ಲಿ ಬರಿಸಿಕೊಂಡಿದ್ದರು. ಅವಳಿಗೆ ಸಿಟ್ಟು ಬರಲಿಲ್ಲ.

ಸಂಜೆ ಅವಳ ಬಳಿ ಹತ್ತಿಕಡ್ಡಿ ಇರಲಿಲ್ಲ, ಗ್ಲೌಸೂ ಇರಲಿಲ್ಲ. ಯಾರೋ ಕೊಡಬೇಕಾಗಿದ್ದನ್ನು ತಾನಾದರೂ ಕೊಟ್ಟು ಬರೋಣವೆಂದು ಬರಿಗೈಯಲ್ಲಿ ಹಿಡಿಕೆ ತಿರುವಿ ಒಳಗೆ ಹೋದಳು. ಏನೂ ಮಾತಾಡದೆ ಮಂಚದ ಪಕ್ಕ ಕುಳಿತು, ತನ್ನ ಕೈಯನ್ನು ಅವರ ಕೈಯೊಳಗಿಟ್ಟಳು.

"ದಿನಾ ಹೊತ್ತು ಮುಳುಗೋವಾಗ ಬಂದು ಹಿಡಿಕೆ ಸವರಿ ಹಾಗೇ ಹೋಗಿಬಿಡ್ತಿದ್ದೆ," ಎಂದರು ಅಜ್ಜ, "ಅಂತೂ ಇವತ್ತು ಒಳಗೆ ಬಂದೆಯಲ್ಲ ಮಗಳೇ."