ಹೊರದೇಶದ ಪಾಕೀಟು

ಗಂಡನ ಪ್ಯಾಂಟನ್ನು ಬಕೆಟ್ಟಿಗೆ ಅದ್ದುವ ಮೊದಲು ಅಂಬುಜಾ ಅದರ ಕಿಸೆ ಜಾಡಿಸಿದಳು. ಫಳಫಳ ಹೊಳೆಯುವ ಸಿಗರೇಟು ಪಾಕೀಟೊಂದು ಒಗೆಯುವ ಕಲ್ಲಿನ ಮೇಲೆ ಬಿತ್ತು.

“ಏನ್ರೀ ಇದು? ಯುಗಾದಿಗೇ ಬಿಟ್ಟೆ ಅಂದಿದ್ರಿ!”

ಓಝರ್‌ನ ವಿಮಾನ ಕಾರ್ಖಾನೆಯ ಇಂಜಿನಿಯರ್ ರಘೋತ್ತಮ ಹಿತ್ತಲ ಬಾಗಿಲಿಗೆ ಕನ್ನಡಿ ನೇತುಹಾಕಿ ದಾಡಿ ಮಾಡಿಕೊಳ್ಳುತ್ತಿದ್ದ. ಒಂದು ಕೆನ್ನೆ ನುಣುಪು, ಇನ್ನೊಂದರ ತುಂಬ ನೊರೆ.

“ಅದು ಲೆಕ್ಕಕ್ಕಿಲ್ಲ ಬಿಡು. ಎಕ್ಸ್‌ಪೋರ್ಟಿನ ಮಾಲು. ನಮ್ಮ ಕಾರ್ಖಾನಿ ಬಿಂದುಮಾಧವನ ಭಾವ ಮುಂಬೈ ಬಂದರದಾಗ ಇದ್ದಾನ, ಅವ ಕೊಟ್ಟಿದ್ದು.”

“ಯಾವುದಾದ್ರೇನು, ಹೊಗಿ ಹೊಗೀನ ಅಲ್ಲೇನ್ರೀ?”

“ಹುಚ್ಚಿ, ನಮ್ಮ ಪಾಕೀಟಿನ ಬಾಜೂಕ ಆರೋಗ್ಯಕ್ಕ ಹಾನಿ ಅಂತ ಬರದಿರ್ತದ. ಇದರಾಗ ಅದ ಏನು, ನೋಡು! ಹೊರದೇಶದವರಿಗೆ ವಿಷ ತಗದು ಕಳಸ್ತಾರ.”

ಅಂಬುಜಾ ಪಾಕೀಟು ತಿರುಗಿಸಿದಳು. ಎಚ್ಚರಿಕೆ ಇರಬೇಕಾದ ಜಾಗದಲ್ಲಿ ಬಂಗಾರದ ಬಣ್ಣದ ಬಳ್ಳಿ ಹಬ್ಬಿತ್ತು. ಹೌದಲ್ಲ ಎನಿಸಿ ಅವಳ ಎದೆ ಹಗುರಾಯಿತು. ಮಗ ಸಿಗರೇಟು ಬಿಡುವ ತನಕ ಚಹಾ ಮುಟ್ಟುವುದಿಲ್ಲವೆಂದು ಗದಗಿನಲ್ಲಿ ಅತ್ತೆ ರಾಯರ ಬೃಂದಾವನದ ಮುಂದೆ ಹರಕೆ ಹೊತ್ತಿದ್ದರು. “ಬಿಟ್ಟ ಅಂತ ನೀನ ಬರೀಬೇಕವಾ, ಅವನ ಮಾತು ನಾ ನಂಬೂದಿಲ್ಲ” ಎಂದು ಸೊಸೆಗೆ ಹೇಳಿದ್ದರು. ಅವಳು ಯುಗಾದಿಯ ದಿನವೇ ಸಂಭ್ರಮದಿಂದ ಬರೆದ ಇನ್‌ಲೆಂಡು ಪತ್ರ, ವಾರಕ್ಕೊಮ್ಮೆ ಒಂದಲ್ಲ ಒಂದು ಕಿಸೆ ಬೇರೆಯೇ ಸುದ್ದಿ ಹೇಳುತ್ತಿದ್ದುದರಿಂದ, ದಸರೆ ಬಂದರೂ ಅಂಚೆಗೆ ಬೀಳದೆ ಗೋಡೆಯ ದೇವರ ಮಾಡದಲ್ಲೇ ಕೂತಿತ್ತು. ಅಲ್ಲಿ ಅತ್ತೆ ಚಹಾ ಇಲ್ಲದೆ ತಲೆಗೆ ಅರಿವೆ ಬಿಗಿದುಕೊಂಡು ಕೂತಿದ್ದರು.

“ಹಾಕು ನಡಿ ಕಾಗದ!” ರಘೋತ್ತಮ ಟಾವೆಲ್ಲು ಬೀಸುತ್ತ ಬಚ್ಚಲ ಕಟ್ಟೆಯ ಸುತ್ತ ಕುಣಿದೇ ಕುಣಿದ.

ಆಗ ಅಂಬುಜಾ ಪಾಕೀಟಿನ ಬುಡ ನೋಡಿದಳು. ಅಲ್ಲಿ ಇಂಗ್ಲಿಷಿನ ಇರುವೆ ಸಾಲು. ಅಕ್ಷರ ಕೂಡಿಸಿ ಕೂಡಿಸಿ ಓದಿದಳು.

“ಲಂಗ್ಸಿನ ರೋಗ... ಹಾರ್ಟಿನ ರೋಗ... ಅಯ್ಯ ನೋಡ್ರೀ! ರೋಗದ ವಿಳಾಸ ಅಂತ ನಮಗ ಬರೇ ಊರ ಹೆಸರು ಬರದಾರ. ಅವರಿಗೆ ಓಣಿ, ಮನಿ ನಂಬರು ಸೈತ ಕೊಟ್ಟಾರ!”

ಕುಣಿಯುತ್ತಿದ್ದವನು ಒಂಟಿ ಕಾಲಲ್ಲೇ ನಿಂತುಬಿಟ್ಟ. ನೊರೆ ಮೂಗಿಗೆ ಏರಿತ್ತು. ಅಂಬುಜಾಗೆ ನಗು ತಡೆಯಲಾಗಲಿಲ್ಲ. ನಗುವ ಭರದಲ್ಲಿ ಕೈಯ ಪಾಕೀಟು ಜಾರಿ ಬಕೆಟ್ಟಿಗೆ ಬಿತ್ತು. ಸಿಗರೇಟು ಬಿಚ್ಚಿಕೊಂಡು ನೀರು ಮೆಲ್ಲಗೆ ಕೆಂಪಾಯಿತು.

“ಕಡಕ್ ಚಹಾ!” ಎಂದು ರಘೋತ್ತಮನೂ ಹೊಟ್ಟೆ ಹಿಡಿದುಕೊಂಡು ನಕ್ಕ.

ಅಂಬುಜಾ ಸೆರಗಿಗೆ ಕೈ ಒರೆಸಿಕೊಂಡು ಮಾಡದಿಂದ ಪತ್ರ ತೆಗೆದಳು. ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

“ಏ ಅಂಬೂ! ನಾ ಇನ್ನೂ ಬಿಟ್ಟಿಲ್ಲ! ಸುಳ್ಳಾಗ್ತದ!” ಅರ್ಧ ನೊರೆಯ ಮುಖದಲ್ಲೇ ಅವನು ಕ್ವಾರ್ಟರ್ಸಿನ ರಸ್ತೆಯಲ್ಲಿ ಬೆನ್ನಟ್ಟಿದ. ಅಷ್ಟರಲ್ಲಿ ಪತ್ರ ಕೆಂಪು ಡಬ್ಬಿಯೊಳಗೆ ಇಳಿದಿತ್ತು.

“ಗದಗ ಮುಟ್ಟಲಿಕ್ಕೆ ನಾಕೈದು ದಿನ ಬೇಕು,” ಎಂದಳು ಅಂಬುಜಾ. “ಅತ್ತಿಯವರು ಚಹಾಕ್ಕ ನೀರಿಡೂದ್ರಾಗ ಖರೇ ಮಾಡ್ರಿ.”