ಆನೆಗೆಂದು ತಂದ ಬಾಳೆಗೊನೆ

ಸಹಕಾರನಗರದ ತಳ್ಳುಗಾಡಿಯಿಂದ ಮಾಗಿದ ಏಲಕ್ಕಿ ಬಾಳೆಹಣ್ಣಿನ ವಾಸನೆ ಬಂದರೆ ಸಾಕು, ಈಗಲೂ ನನಗೆ ಹೊಟ್ಟೆ ತುಂಬಿದಂತಾಗುತ್ತದೆ.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ, ಆನೆ ತೋರಿಸಲು ಅಪ್ಪ ನಮ್ಮನ್ನು ಕಾಡಿನ ಕ್ಯಾಂಪೊಂದಕ್ಕೆ ಕರೆದುಕೊಂಡು ಹೋಗಿದ್ದರು. ತಗಡಿನ ಶೆಡ್ಡು, ಮೈ ಚುಚ್ಚುವ ಕಂಬಳಿ, ಕರೆಂಟಿಲ್ಲ. ಅಮೃತಹಳ್ಳಿಯ ಅಜ್ಜಿ ತನ್ನ ಹಿತ್ತಲಿನ ಇಡೀ ಬಾಳೆಗೊನೆಯನ್ನೇ ಹೊತ್ತು ತಂದಿದ್ದಳು. "ಆನೆ ಅಂದ್ರೆ ಗಣಪ್ಪ ಕಣ್ಮಗ. ಅವನ ತಾವ ಬರಿಗೈಲಿ ಓಗಕ್ಕಾಯ್ತದಾ?"

ಕ್ಯಾಂಪಿನ ಅಡುಗೆಯವನು ಗೊನೆ ನೋಡಿ ಗಾಬರಿಯಾದ. "ಅಯ್ಯೋ ಅಮ್ಮಾ, ಈ ವಾಸ್ನೆಗೆ ಆನೆ ಶೆಡ್ಡಿಗೇ ನುಗ್ತದೆ. ಕತ್ತಲಾಗೋದ್ರೊಳಗೆ ಖಾಲಿ ಮಾಡ್ಬಿಡಿ!"

ಬಿಸಾಡಲು ಅಜ್ಜಿ ಒಪ್ಪಲಿಲ್ಲ. ಮಧ್ಯಾಹ್ನವಿಡೀ ಎಲ್ಲರೂ ಕೂತು ತಿಂದೆವು. ಅಪ್ಪ ಬೆಲ್ಟು ಸಡಿಲಿಸಿಕೊಂಡು ತಿಂದರು. ಸಿಪ್ಪೆಯನ್ನು ಅಡುಗೆಯವನು ದೂರದಲ್ಲಿ ಗುಂಡಿ ತೋಡಿ ಹೂತ.

ಬಿಸಿಲು ಇಳಿಯುವಾಗ ಹಳ್ಳದಾಚೆಯ ಬಿದಿರು ಅಲುಗಿ, ಒಂದು ಆನೆ ಹೊರಬಂತು. ಸೊಂಡಿಲೆತ್ತಿ ನಮ್ಮ ಕಡೆಯ ಗಾಳಿಯನ್ನು ಮೂಸಿತು. ನಾನು ಅಪ್ಪನ ಅಂಗಿ ಹಿಡಿದುಕೊಂಡೆ. ಅಜ್ಜಿ ಚಪ್ಪಲಿ ಬಿಟ್ಟು ನಿಂತು, ಎರಡೂ ಕೆನ್ನೆ ಬಡಿದುಕೊಂಡಳು.

"ನಿಂಗೇ ಅಂತ ತಂದಿದ್ದು ಕಣಪ್ಪಾ. ಇವ್ರ ಮಾತು ಕೇಳಿ ನಾವೇ ತಿಂದ್ಬುಟ್ವಿ."

ಆನೆ ಒಮ್ಮೆ ಕಿವಿ ಬೀಸಿ, ನಿಧಾನವಾಗಿ ಬಿದಿರಿನೊಳಕ್ಕೆ ತಿರುಗಿ ಹೋಯಿತು.

"ಬೇಜಾರ್ ಮಾಡ್ಕಂಡಿಲ್ಲ ಬುಡು," ಎಂದು ಅಜ್ಜಿ ದೊಡ್ಡದಾಗಿ ತೇಗಿದಳು.