ಸಂಜೆ ಕಾಲೇಜಿನ ಬೀಗ

ಬಾಗಿಲ ಮುಂದೆ ಆ ಬೂಟು ಕಂಡ ಕೂಡಲೇ ಹಾಕಿ ಕ್ಲಬ್ಬಿನ ಆಯ್ಕೆಗಾರ ಹಣೆ ಚಚ್ಚಿಕೊಂಡ. ಕನ್ನಡಿಯಂತೆ ಹೊಳೆಯುವ ಕಪ್ಪು ಬೂಟು. ಊರಿನ ಹಾಕಿ ಮೈದಾನಗಳಲ್ಲಿ ಅಂಥ ಬೂಟು ಹಾಕುತ್ತಿದ್ದವನು ಒಬ್ಬನೇ, ಎದುರಾಳಿ ಕ್ಲಬ್ಬಿನ ಆಯ್ಕೆಗಾರ. ಎಲ್ಲರ ಬಾಯಲ್ಲಿ ಅವನು ಪಾಲಿಶ್. ಈ ವರ್ಷ ಯಾವ ಕಾಲೇಜು ಆಟಗಾರ್ತಿಯನ್ನು ಕೇಳಲು ಹೋದರೂ ಆ ಬೂಟು ಮೊದಲೇ ಬಾಗಿಲಲ್ಲಿ ಇರುತ್ತಿತ್ತು.

ಇದು ಕೊನೆಯ ಮನೆ. ಬರಿಗೈಯಲ್ಲಿ ವಾಪಸು ಬಂದರೆ ನಾಳೆಯಿಂದ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವ ಕೆಲಸ ಎಂದು ಕ್ಲಬ್ಬಿನ ಅಧ್ಯಕ್ಷರು ಮೈದಾನಕ್ಕೆಲ್ಲ ಕೇಳುವಂತೆ ನಗುತ್ತಲೇ ಹೇಳಿದ್ದರು. ನಗುತ್ತ ಹೇಳಿದ್ದನ್ನು ಅವರು ಮಾಡದೆ ಬಿಟ್ಟದ್ದಿಲ್ಲ.

ಬೇಕಾಗಿದ್ದದ್ದು ಗೋಲ್‌ಕೀಪರ್. ಸಂಜೆ ಕಾಲೇಜಿನ ಮಹಿಳಾ ತಂಡವನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ, ಅದರ ಗೋಲಿನ ಮುಂದೆ ಬೀಗ ಬಂದು ನಿಲ್ಲುವ ತನಕ. ಬೀಗ ಎನ್ನುವುದು ಪ್ರೇಕ್ಷಕರು ಇಟ್ಟ ಹೆಸರು. ಈ ಋತುವಿನಲ್ಲಿ ಆಕೆಯನ್ನು ದಾಟಿ ಒಂದು ಚೆಂಡೂ ಒಳಗೆ ಹೋಗಿರಲಿಲ್ಲ. ಮುಖ ಮಾತ್ರ ಯಾರೂ ಕಂಡವರಿಲ್ಲ. ಪ್ಯಾಡು, ಎದೆಕವಚ, ಹೆಲ್ಮೆಟ್ಟು ತೊಟ್ಟರೆ ಯಾರಾದರೂ ಬೀರುವಿನಂತೆಯೇ ಕಾಣುತ್ತಾರೆ. ಆಟ ಮುಗಿಯುವುದೇ ತಡ, ಒಲೆಯ ಮೇಲೆ ಹಾಲಿಟ್ಟು ಬಂದವಳಂತೆ, ಹೆಲ್ಮೆಟ್ಟನ್ನೂ ಬಿಚ್ಚದೆ ನೀಲಿ ಸ್ಕೂಟರ್ ಹತ್ತಿ ಹೊರಟುಬಿಡುತ್ತಿದ್ದಳು.

ಇವತ್ತು ಆಯ್ಕೆಗಾರ ಆ ಸ್ಕೂಟರಿನ ಬೆನ್ನು ಹತ್ತಿದ್ದ. ಸೈಕಲ್ಲಿನಲ್ಲಿ. ಏರಿನಲ್ಲಿ ಅದು ಕಣ್ಮರೆಯಾಗಿ, ಬೀದಿ ಬೀದಿ ಸುತ್ತಿ, ಕೊನೆಗೆ ಈ ಗೇಟಿನೊಳಗೆ ನೀಲಿ ಬಣ್ಣ ಕಂಡಿತ್ತು. ಪಾಲಿಶ್ ಕಾರಿನಲ್ಲಿ ಬಂದಿದ್ದ.

ಒಳಗೆ ಸೋಫಾದ ನಡುವೆ ಪಾಲಿಶ್ ಆಗಲೇ ಕೂತಿದ್ದ. ಅವನೆದುರು ಒಬ್ಬ ಹುಡುಗಿ. ಅಗಲ ಭುಜ, ಬೆರಳಿಗೆ ಬ್ಯಾಂಡೇಜು. ಸಿಕ್ಕಳು, ಅಂದುಕೊಂಡ ಆಯ್ಕೆಗಾರ. ಬಾಗಿಲು ತೆರೆದ ತಾಯಿಯದೂ ಅದೇ ಅಗಲ ಭುಜ. ಮೇಜಿನ ಮೇಲೆ ಕಾಲೇಜು ಪುಸ್ತಕಗಳ ಎರಡು ಗುಡ್ಡೆ.

"ನೋಡಮ್ಮ," ಪಾಲಿಶ್ ಹುಡುಗಿಗೆ ಹೇಳುತ್ತಿದ್ದ, "ಟ್ರ್ಯಾಕ್‌ಸೂಟು, ಬೂಟು, ಓಡಾಡೋಕೆ ಗಾಡಿ, ಎಲ್ಲ ನಮ್ದೇ."

"ಸರ್, ನಿಜ ಹೇಳ್ತೀನಿ. ನನಗೆ ಹಾಕಿ ಬರಲ್ಲ."

ಪಾಲಿಶ್ ಹೋ ಎಂದು ನಕ್ಕ. ಆಯ್ಕೆಗಾರನಿಗೂ ಒಳಗೊಳಗೇ ಮೆಚ್ಚುಗೆಯಾಯಿತು. ಈ ಕಸುಬಿನಲ್ಲಿ ಅದು ಗೊತ್ತಿರುವ ಪಟ್ಟು. ತನ್ನ ಬೆಲೆ ಏರಿಸಬೇಕೆನ್ನುವ ಆಟಗಾರ್ತಿ ಮೊದಲು ಮೊಣಕಾಲು ನೋವು ಅನ್ನುತ್ತಾಳೆ, ಆಮೇಲೆ ಮನಸ್ಸಿಲ್ಲ ಅನ್ನುತ್ತಾಳೆ. ಆಟವೇ ಬರುವುದಿಲ್ಲ ಎನ್ನುವ ಧೈರ್ಯ ಮಾತ್ರ ಇದುವರೆಗೆ ಯಾರೂ ಮಾಡಿರಲಿಲ್ಲ.

"ಸರಿ, ಗಾಡಿ ಜೊತೆ ಡ್ರೈವರೂ ಕೊಡ್ತೀವಿ," ಅಂದ ಪಾಲಿಶ್.

"ಒಂದು ನಿಮಿಷ ನನ್ನ ಮಾತು ಕೇಳಿ," ತಾಯಿ ಬಾಯಿ ಹಾಕಿದರು. "ಆ ಗೋಲಲ್ಲಿ..."

"ಆಂಟಿ, ನೀವು ಆರಾಮಾಗಿ ಕೂತ್ಕೊಳ್ಳಿ. ನಿಮಗ್ಯಾಕೆ ಈ ತಲೆಬಿಸಿ!" ಪಾಲಿಶ್ ಕೈ ಬೀಸಿದ ರಭಸಕ್ಕೆ ಮೇಜಿನ ಮೇಲಿದ್ದ ಸ್ಟೀಲ್ ಲೋಟ ಹಾರಿ ಬಾಗಿಲ ಕಡೆ ಉರುಳಿತು. ತಾಯಿ ತಿರುಗಿಯೂ ನೋಡದೆ ಕಾಲು ಚಾಚಿ ಅದನ್ನು ಹೊಸ್ತಿಲಲ್ಲೇ ತಡೆದರು. ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋದರು.

ಆಯ್ಕೆಗಾರ ಹಿಂದೆಯೇ ಹೋದ. ಅವನಿಗೆ ಗೊತ್ತಿದ್ದದ್ದು ಒಂದೇ ದಾರಿ: ಮಗಳನ್ನು ಕೇಳುವ ಮೊದಲು ತಾಯಿಯನ್ನು ಕೇಳುವುದು. ಆ ದಾರಿಯಲ್ಲಿ ಈ ವರ್ಷ ಅವನು ಗೆದ್ದಿದ್ದು ಕಾಫಿ ಮಾತ್ರ.

"ಅಕ್ಕಾ, ನೀವೇನು ಕೆಲಸದಲ್ಲಿದ್ದೀರಿ?"

"ಶಿಶುವಿಹಾರದಲ್ಲಿ ಆಯಾ. ಮಕ್ಕಳು ಗೇಟು ದಾಟದ ಹಾಗೆ ನೋಡ್ಕೊಳ್ಳೋದು. ಇದುವರೆಗೆ ಒಂದೂ ದಾಟಿಲ್ಲ."

"ಹಾಗಾದ್ರೆ ಮಗಳಿಗೆ ನಿಮ್ಮಿಂದಲೇ ಬಂದಿದೆ!"

"ಅವಳಿಗಾ? ಅವಳಿಗೆ ನನ್ನಿಂದ ಬಂದಿದ್ದು ಬಾಯಿ ಒಂದೇ." ತಾಯಿ ಲೋಟ ತೊಳೆದು ಬೋರಲಿಟ್ಟರು. "ನಿಮ್ಮ ಕ್ಲಬ್ಬಿಗೆ ಬಂದ್ರೆ ಓದು ಏನಾಗುತ್ತೆ?"

ಏನಾದರೂ ಚೆಂದದ ಸುಳ್ಳು ಹೇಳಬಹುದಿತ್ತು. ಆದರೆ ಸುಳ್ಳು ಹೇಳಿದರೆ ಆಯ್ಕೆಗಾರನ ಕಿವಿ ಕೆಂಪಾಗುತ್ತಿತ್ತು.

"ನಮ್ಮಲ್ಲಿ ಗಾಡಿಗೀಡಿ ಇಲ್ಲ ಅಕ್ಕಾ. ಟ್ರ್ಯಾಕ್‌ಸೂಟು ಹೋದ ವರ್ಷದ್ದು, ಒಂದು ಸಲ ಒಗೆದಿದೆ. ಆದ್ರೆ ಪರೀಕ್ಷೆ ಇದ್ದ ದಿನ ಆಟ ಬಿಟ್ಟು ಬರೀಬಹುದು, ಅದನ್ನ ಒಪ್ಪಂದದಲ್ಲೇ ಬರೆದುಕೊಡ್ತೀನಿ. ನಾನೂ ಕೆಲಸ ಮಾಡ್ಕೊಂಡೇ ಓದಿದವನು. ಒಂದು ಪಾಠ ತಪ್ಪಿದ್ರೆ ಮತ್ತೆ ಹಿಡಿಯೋದು ಎಷ್ಟು ಕಷ್ಟ ಅಂತ ಗೊತ್ತು."

ತಾಯಿ ಅವನನ್ನು ಮೊದಲ ಸಲ ನೆಟ್ಟಗೆ ನೋಡಿದರು.

ಅಷ್ಟರಲ್ಲಿ ನಡುಮನೆಯಿಂದ ಹುಡುಗಿಯ ದನಿ ಕೇಳಿಸಿತು. "ಸರ್, ಕೊನೇ ಸಲ ಹೇಳ್ತಿದ್ದೀನಿ. ನಾನು ಸ್ಟಿಕ್ಕು ಕೈಲಿ ಹಿಡಿದೇ ಇಲ್ಲ."

"ನೀನು ಗೋಲಲ್ಲಿ ಸುಮ್ನೆ ನಿಂತ್ಕೊಂಡ್ರೆ ಸಾಕು ತಾಯೀ!"

"ಸುಮ್ನೆ ನಿಂತ್ಕೊಂಡ್ರೆ ಸಾಕಾ? ಹಾಗಾದ್ರೆ ಕೊಡಿ."

ಪೆನ್ನು ಸರಪರ ಓಡಿದ ಸದ್ದು. ಆಯ್ಕೆಗಾರ ಹೊರಗೆ ಬರುವಷ್ಟರಲ್ಲಿ ಪಾಲಿಶ್ ಬೂಟಿನ ದಾರ ಕಟ್ಟುತ್ತಿದ್ದ.

"ಸುಣ್ಣ ಕೈಗೆ ಅಂಟುತ್ತೆ ಗುರೂ," ಅಂದ. "ಗ್ಲೌಸ್ ಹಾಕ್ಕೊಂಡು ಗೆರೆ ಎಳಿ."

ಕಾರು ಹೋಯಿತು. ಆಯ್ಕೆಗಾರ ಚೀಲವನ್ನು ಹೆಗಲಿಗೆ ಹಾಕಿಕೊಂಡ. "ಬರ್ತೀನಿ ಅಕ್ಕಾ. ಕಾಫಿ ಚೆನ್ನಾಗಿತ್ತು." ಕಾಫಿ ಅವನಿಗೆ ಇನ್ನೂ ಕೊಟ್ಟೇ ಇರಲಿಲ್ಲ.

"ನಿಮ್ಮ ಒಪ್ಪಂದದ ಕಾಗದ ಎಲ್ಲಿ?"

"ಇನ್ನೆಲ್ಲಿಯ ಕಾಗದ? ಮಗಳು ಅಲ್ಲಿ ಸಹಿ ಹಾಕಿ ಆಯ್ತಲ್ಲ."

"ಕೊಡಿ ಅಂದೆ."

ಪಾಪ, ಸಮಾಧಾನ ಮಾಡುತ್ತಿದ್ದಾರೆ ಅಂದುಕೊಂಡು ಅವನು ಕೊಟ್ಟ. ಪೋಷಕರ ಸಹಿಗೆ ಕೆಳಗಡೆ ಜಾಗವಿತ್ತು. ತಾಯಿ ಮೇಲ್ಗಡೆ ದಪ್ಪಗೆ ಸಹಿ ಹಾಕಿದರು.

"ಅಕ್ಕಾ..." ಆಯ್ಕೆಗಾರ ಸಂಕೋಚದಿಂದ ಕೆಮ್ಮಿದ. "ಅದು ಆಟಗಾರ್ತಿಯ ಜಾಗ."

"ಗೊತ್ತು. ಅಭ್ಯಾಸ ಮಾತ್ರ ಬೆಳಿಗ್ಗೆ ಇಟ್ಕೊಳ್ಳಿ. ಸಂಜೆ ನನಗೆ ಕಾಲೇಜಿದೆ."